ಫಾರಿನ್‌ಗೆ ಹೋದವರಿಗೆ ಮನಸ್ಸು ಕುಗ್ಗುವುದು ದೌರ್ಬಲ್ಯವೇ?

‘ಫಾರಿನ್‌ನಲ್ಲಿದ್ದೀಯ, ನಿನಗೇನಪ್ಪ ಕಮ್ಮಿ?’ ಓದಲು ಬ್ರಿಟನ್‌ಗೆ ಹೋದ ಮಕ್ಕಳಿಗೆ ನಾವು ಹೀಗೆನ್ನುತ್ತೇವೆ. ಅವರೂ ‘ಚೆನ್ನಾಗಿದ್ದೀನಿ’ ಎಂದು ವಿಡಿಯೊ ಕಾಲ್ ಮುಗಿಸುತ್ತಾರೆ. ಆದರೆ ಎಷ್ಟೋ ಮಂದಿ ಒಳಗೊಳಗೇ ಕುಗ್ಗಿರುತ್ತಾರೆ.

ಇದು ದೌರ್ಬಲ್ಯವಲ್ಲ. ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರಲ್ಲೇ ಇದನ್ನು ‘ಕಲ್ಚರ್ ಶಾಕ್’ ಎಂದು ವಿವರಿಸಿದ್ದರು. ಮೊದಮೊದಲು ಎಲ್ಲವೂ ಚೆಂದ. ಆಮೇಲೆ ಬಸ್ ಹತ್ತುವುದು, ಅಂಗಡಿಯಲ್ಲಿ ಮಾತಾಡುವುದು, ಹೀಗೆ ಊರಿನಲ್ಲಿ ತಾನಾಗಿ ಆಗುತ್ತಿದ್ದ ಕೆಲಸವನ್ನೆಲ್ಲ ಯೋಚಿಸಿ ಮಾಡಬೇಕಾಗುತ್ತದೆ. ಮನಸ್ಸು ದಣಿಯುತ್ತದೆ.

ಸೆಪ್ಟೆಂಬರ್‌ನಲ್ಲಿ ಹೋದವರಿಗೆ ಈ ಹೊತ್ತಿಗೇ ಚಳಿಗಾಲ ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಹಗಲು ಸುಮಾರು 8 ಗಂಟೆ ಮಾತ್ರ, ಸಂಜೆ 4ಕ್ಕೇ ಸೂರ್ಯ ಮುಳುಗಿರುತ್ತಾನೆ. ಬೆಳಕು ಕಡಿಮೆಯಾದರೆ ಕೆಲವರಿಗೆ ನಿದ್ದೆ ಏರುಪೇರಾಗಿ, ಮಂಕು ಕವಿಯುತ್ತದೆ.

ಏನು ಮಾಡಬಹುದು?

• ಬೆಳಕಿರುವಾಗ ದಿನಾ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ.
• ವಾರಕ್ಕೊಮ್ಮೆಯಾದರೂ ಅದೇ ಗೆಳೆಯರ ಜೊತೆ ಅಡುಗೆ, ಆಟ ಇಟ್ಟುಕೊಳ್ಳಿ.
• ಊರಿಗೆ ಫೋನ್ ಮಾಡಿ, ಆದರೆ ನಿದ್ದೆಗೆಟ್ಟು ಬೇಡ.
• ಹೋದ ಕೂಡಲೇ ಹತ್ತಿರದ ಜಿಪಿ ಡಾಕ್ಟರ ಬಳಿ ಹೆಸರು ನೋಂದಾಯಿಸಿ.

ಎರಡು ವಾರ ಕಳೆದರೂ ಬೇಸರ ಹೋಗದೆ, ನಿದ್ದೆ, ಊಟ, ಓದು ಕೆಟ್ಟರೆ ಆ ಡಾಕ್ಟರನ್ನು ಕಾಣಿ. ಅಲ್ಲಿ ಹೇಳಿದ್ದು ಸಾಮಾನ್ಯವಾಗಿ ಗುಟ್ಟಾಗಿಯೇ ಉಳಿಯುತ್ತದೆ. ಸಾಯುವ ಯೋಚನೆ ಬಂದರೆ ಸಮಾರಿಟನ್ಸ್ ಸಹಾಯವಾಣಿ 116 123ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಜೀವಕ್ಕೆ ಅಪಾಯವಿದ್ದರೆ 999.

ಊರಿನಲ್ಲಿರುವ ನಾವು ‘ಊಟ ಆಯ್ತಾ?’ ಎಂದ ಮೇಲೆ ‘ಒಂಟಿ ಅನ್ನಿಸ್ತಿದೆಯಾ?’ ಎಂದೂ ಕೇಳೋಣ.