ಕೊಡಗಿನ ಹೋಂಸ್ಟೇ ಉದ್ಯಮ: ಲೆಕ್ಕಕ್ಕೆ ಸಿಗದ ಬಂಡವಾಳ

1,748 ಮೀಟರ್ ಎತ್ತರದ ತಡಿಯಂಡಮೋಳ್ ಶಿಖರದ ಚಾರಣ, ಬರಪೊಳೆಯ ರಾಫ್ಟಿಂಗ್ ಹಾಗೂ ಕಾಫಿ ತೋಟಗಳ ನಡುವಿನ ವಾಸ್ತವ್ಯ ಪ್ರವಾಸಿಗರನ್ನು ಕೊಡಗಿನತ್ತ ಸೆಳೆಯುತ್ತವೆ. ಕಾಫಿ ಬೆಲೆಯ ಏರಿಳಿತಕ್ಕೆ ಸಿಲುಕುವ ಬೆಳೆಗಾರರಿಗೆ ಹೋಂಸ್ಟೇ ಪೂರಕ ಆದಾಯವನ್ನು ಒದಗಿಸುತ್ತದೆ. ಆದರೆ ಆದಾಯ ತೆರಿಗೆಯ ದೃಷ್ಟಿಯಲ್ಲಿ ಇದು ಕೃಷಿ ಆದಾಯವಲ್ಲ. ಪ್ರತ್ಯೇಕ ಲೆಕ್ಕಪತ್ರ ಅಗತ್ಯ.

2018ರ ಆಗಸ್ಟ್‌ನಲ್ಲಿ ಭೂಕುಸಿತಗಳು ಸಂಭವಿಸಿದಾಗ ಪ್ರವಾಸೋದ್ಯಮವೂ ಸ್ತಬ್ಧವಾಯಿತು. ಬೆಟ್ಟ, ಗದ್ದೆಗಳೇ ಈ ವ್ಯವಹಾರದ ಮೂಲ ಬಂಡವಾಳವೆಂಬುದು ಆಗ ಮನದಟ್ಟಾಯಿತು. ಪುತ್ತರಿಯಂದು ಹೊಸ ಕದಿರನ್ನು ಕೊಯ್ದು ಐನ್‌ಮನೆಗೆ ತರುವ ಸಂಪ್ರದಾಯವು ಭತ್ತದ ಕೃಷಿಯನ್ನೇ ಅವಲಂಬಿಸಿದೆ. ಗದ್ದೆಗಳು ಪಾಳುಬಿದ್ದರೆ ಅತಿಥಿಗಳಿಗೆ ತೋರಿಸಲು ಹಬ್ಬವೂ ಉಳಿಯದು. ಆದುದರಿಂದ ಹೋಂಸ್ಟೇ ಲಾಭದ ಒಂದಂಶವನ್ನು ಗದ್ದೆಯ ಸಾಗುವಳಿಗೆ ಮೀಸಲಿಡುವುದು ದಾನವಲ್ಲ. ಅದು ಯಂತ್ರಕ್ಕೆ ಸವಕಳಿ ನಿಧಿಯಿದ್ದಂತೆ.