ಚಾರ್ಲಿಗೆ ಅತ್ತವರೇ, ನಿಮ್ಮ ನಾಯಿಗೆ ಸೂಜಿ ಹಾಕಿಸಿದ್ದೀರಾ?

2022ರ ಜೂನ್ ತಿಂಗಳು. ದಾವಣಗೆರೆಯ ಒಂದು ಚಿತ್ರಮಂದಿರ. ‘777 ಚಾರ್ಲಿ’ಯ ಕೊನೆಯ ಹತ್ತು ನಿಮಿಷ...

ನನ್ನ ಪಕ್ಕದ ಸೀಟಿನಲ್ಲಿ ಗಿರಿಜಾ ಮೀಸೆಯ ಭಾರೀ ಆಸಾಮಿ. ಫೈಟಿಂಗ್ ಸೀನಿಗೆ ಶಿಳ್ಳೆ ಹೊಡೆಯೋ ಗಂಡಾಳು. ಅವನ ಕರ್ಚೀಫು ಪೂರ್ತಿ ಒದ್ದೆ! ನಾನೇನು ಕಮ್ಮಿಯೇ? ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರೇ ಈ ಚಿತ್ರ ನೋಡಿ ಕಣ್ಣೀರಿಟ್ಟರು ಅಂದಮೇಲೆ, ಪಿಯುಸಿ ಅರ್ಧಕ್ಕೆ ಬಿಟ್ಟ ಹೊನ್ನಾಳಿಯ ಈ ಬಡಪಾಯಿ ಬರಹಗಾರ ಅತ್ತರೆ ತಪ್ಪೇನು?

ತಪ್ಪು ಆಮೇಲೆ ಆಯಿತು ಮಿತ್ರರೇ. ಅದನ್ನೇ ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಮನೆಗೆ ಬಂದ ‘ಧರ್ಮ’

ಕಾಸರಗೋಡಿನ ಹುಡುಗ ಕಿರಣ್‌ರಾಜ್ ನಿರ್ದೇಶಿಸಿ, ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದ ಈ ಸಿನಿಮಾ ಒಂದು ಮಾತನ್ನು ಬಿಡಿಸಿ ಹೇಳಿತ್ತು. ದುಡ್ಡಿನಾಸೆಗೆ ಮರಿ ಹಾಕಿಸಿ ಮಾರುವವರ ಹತ್ತಿರ ನಾಯಿ ಕೊಳ್ಳಬೇಡಿ ಅಂತ. ನನ್ನ ಕಿವಿಗೆ ಅದು ಬಿದ್ದರೆ ತಾನೇ! ವಾರ ಕಳೆಯೋದ್ರೊಳಗೆ ಎರಡು ಲೇಖನದ ಸಂಭಾವನೆ ಸುರಿದು ಲ್ಯಾಬ್ರಡಾರ್ ಮರಿ ತಂದೆ. ರಕ್ಷಿತ್ ಶೆಟ್ಟಿ ಮಾಡಿದ ಪಾತ್ರದ ಹೆಸರನ್ನೇ ಇಟ್ಟೆ. ಧರ್ಮ!

‘ಸೂಜಿ ಎಲ್ಲಾ ಹಾಕಿಸಿದೀವಿ ಅಣ್ಣಾ’ ಅಂದಿದ್ದ ಮಾರಿದವನು. ನಂಬಿದೆ.

ಆರನೇ ದಿನ ಧರ್ಮ ಹಾಲು ಮುಟ್ಟಲಿಲ್ಲ. ವಾಂತಿ. ಅವ್ವ ದೃಷ್ಟಿ ತೆಗೆದಳು. ನಾನು ಮಜ್ಜಿಗೆ ಕುಡಿಸಿದೆ. ಮಾರನೇ ದಿನ ರಕ್ತಭೇದಿ, ಮನೆ ತುಂಬ ತಡೆಯಲಾಗದ ವಾಸನೆ. ಮೂರನೇ ದಿನ ಟವೆಲ್ಲಿನಲ್ಲಿ ಸುತ್ತಿಕೊಂಡು ದನದ ಡಾಕ್ಟ್ರ ಹತ್ತಿರ ಓಡಿದೆ.

‘ಎಷ್ಟು ದಿನದ ಮರಿ?’

‘ಐವತ್ತು ದಿನ ಸಾರ್.’

‘ಸೂಜಿ ಕಾರ್ಡು ಎಲ್ಲಪ್ಪಾ?’

ನನ್ನ ಬಾಯಿ ಬಂದ್!

‘ಪಾರ್ವೋ ಕಣಯ್ಯಾ. ಎರಡು ದಿನ ಮೊದಲು ಬರಬಾರದಿತ್ತೇ?’ ಡಾಕ್ಟ್ರು ಗ್ಲೂಕೋಸ್ ಹಚ್ಚಿದರು. ಆ ರಾತ್ರಿ ನನ್ನ ತೊಡೆಯ ಮೇಲೆ ಧರ್ಮ ಹೋಗಿಬಿಟ್ಟ.

ಚಿತ್ರದಲ್ಲಿ ಚಾರ್ಲಿಗೆ ಬಂದದ್ದು ಕ್ಯಾನ್ಸರ್. ಪಾಪ, ನಾಯಕನ ಕೈಯಲ್ಲಿ ಏನೂ ಇರಲಿಲ್ಲ. ನನ್ನ ಮರಿಯನ್ನು ಒಂದು ಸೂಜಿ ಉಳಿಸುತ್ತಿತ್ತು. 1984ರ ‘ತಾಳಿಯ ಭಾಗ್ಯ’ ನೆನಪಿದೆಯೇ? ವಿಜಯ್ ರೆಡ್ಡಿ ಅದನ್ನೇ 1985ರಲ್ಲಿ ಜಾಕಿ ಶ್ರಾಫ್ ಹಾಕಿಕೊಂಡು ಹಿಂದಿಯಲ್ಲಿ ‘ತೇರಿ ಮೆಹರ್‌ಬಾನಿಯಾ’ ಅಂತ ತೆಗೆದರು. ಅಲ್ಲಿ ಯಜಮಾನನನ್ನು ಕೊಂದವರ ಮೇಲೆ ನಾಯಿ ಸೇಡು ತೀರಿಸಿಕೊಳ್ಳುತ್ತೆ. ಯಜಮಾನನೇ ನಾಯಿಯ ಸಾವಿಗೆ ಕಾರಣನಾದರೆ ಸೇಡು ಯಾರ ಮೇಲೆ?

ಕಾಣದ ವಿಲನ್

ಪಾರ್ವೋ 1978ರಲ್ಲಿ ಮೊದಲು ಕಾಣಿಸಿಕೊಂಡು ಎರಡೇ ವರ್ಷದಲ್ಲಿ ಲೋಕವನ್ನೆಲ್ಲ ಸುತ್ತಿದ ವೈರಸ್ಸು. ಕರುಳಿನ ಒಳಪದರವನ್ನೇ ತಿನ್ನುತ್ತದೆ. ಮೈಯ ನೀರೆಲ್ಲ ಇಳಿದು ಮರಿ ಸಾಯುತ್ತದೆ. ಬೇಗ ಗ್ಲೂಕೋಸ್ ಏರಿಸಿ, ವಾಂತಿ ನಿಲ್ಲಿಸಿದರೆ ಎಷ್ಟೋ ಮರಿ ಬದುಕುತ್ತವೆ. ನಾನು ಕಳೆದದ್ದು ಆ ‘ಬೇಗ’ವನ್ನೇ.

‘ಒಂದು ವರ್ಷ ಆ ಜಾಗಕ್ಕೆ ಸೂಜಿ ಆಗದ ಮರಿ ತರಬೇಡ’ ಅಂದರು ಡಾಕ್ಟ್ರು. ಈ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಕಾದು ಕೂತಿರುತ್ತದಂತೆ. ಫಿನಾಯಿಲಿಗೆ ಬಗ್ಗದು. ಸೋಪಿನಲ್ಲಿ ತೊಳೆದು, ಒಂದು ಪಾಲು ಬ್ಲೀಚಿಗೆ 30 ಪಾಲು ನೀರು ಬೆರೆಸಿ ಸುರಿಯಬೇಕು.

ನಾಲ್ಕು ತಾಲ್ಲೂಕು ಸುತ್ತಿದೆ

ಧರ್ಮ ಹೋದ ಮೇಲೆ ಬರವಣಿಗೆ ಕೆಲಸಕ್ಕೆ ಎಲ್ಲಿ ಬಸ್ಸಿಳಿದರೂ ನನ್ನ ಕಣ್ಣು ಮೊದಲು ನಾಯಿಗಳ ಮೇಲೆ.

ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ನಮ್ಮಂಥ ಹುಡುಗರೇ ಬೀದಿಮರಿಯೊಂದನ್ನು ಎತ್ತಿಕೊಂಡಿದ್ದರು. ಕಣ್ಣಲ್ಲಿ ಪಿಚ್ಚು, ಮೂಗಲ್ಲಿ ಸಿಂಬಳ, ದವಡೆ ಚೂಯಿಂಗ್ ಗಮ್ ಅಗಿದಂತೆ ಅದುರುತ್ತಿತ್ತು. ಡಿಸ್ಟೆಂಪರ್! ಗೋಡೆಗೆ ಬಳಿಯೋ ಬಣ್ಣ ಅಂದುಕೊಂಡೀರಿ. ಇದು ನಾಯಿಯ ಉಸಿರಿನಿಂದ ನಾಯಿಗೆ ಹಬ್ಬುವ ರೋಗ. ಹುಡುಗರ ಮನಸ್ಸು ಚಿನ್ನ. ಆದರೆ ಆ ಮರಿಯನ್ನು ಇನ್ನೂ ಮೂರು ಮರಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನೆನಪಿಡಿ, ಬೀದಿಯಿಂದ ತಂದದ್ದನ್ನು ಎರಡು ವಾರ ಬೇರೆ ಇಡಬೇಕು. ತಟ್ಟೆ ಬೇರೆ, ಹಾಸಿಗೆ ಬೇರೆ. ಮುಟ್ಟಿದ ಕೈ ತೊಳೆದ ಮೇಲೆಯೇ ಇನ್ನೊಂದನ್ನು ಮುಟ್ಟಬೇಕು.

ಚನ್ನಗಿರಿ ಕಡೆ ಭತ್ತದ ಗದ್ದೆ, ಅಡಿಕೆ ತೋಟ, ಜೊತೆಗೆ ಇಲಿ. ಇಲಿಯ ಉಚ್ಚೆ ಬೆರೆತ ನೀರಿನಿಂದ ಇಲಿಜ್ವರ ನಾಯಿಗೂ ಬರುತ್ತದೆ, ಗದ್ದೆಗಿಳಿದ ಮನುಷ್ಯನಿಗೂ ಬರುತ್ತದೆ. ನಾಯಿಗೆ ಅದಕ್ಕೂ ಸೂಜಿ ಇದೆ.

ಜಗಳೂರಿನ ಬಯಲಲ್ಲಿ ಕುರಿ ಕಾಯುವ ಯಜಮಾನರೊಬ್ಬರು ಸಿಕ್ಕರು. ‘ತಮ್ಮಾ, ಮೈಲಾರಲಿಂಗನ ಗೊರವಪ್ಪ ನಾಯಿ ಹಂಗೆ ಬೊಗಳಿ ದೋಣಿಯಾಗೆ ಉಣ್ತಾನೆ. ನಾಯಿ ನಮಗೆ ದೇವ್ರು’ ಅಂದರು. ‘ದೇವರಿಗೆ ಸೂಜಿ?’ ಅಂದೆ. ನಕ್ಕುಬಿಟ್ಟರು. ಅಲ್ಲೇ ಹತ್ತಿರ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ. ಕಾಡಿನಂಚಿನ ನಾಯಿಯ ಡಿಸ್ಟೆಂಪರ್ ನರಿಗೂ ಚಿರತೆಗೂ ದಾಟಬಲ್ಲದು. ಗುಜರಾತಿನ ಗಿರ್ ಕಾಡಿನಲ್ಲಿ 2018ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ಇದೇ ವೈರಸ್ಸು!

ಎಲ್ಲಕ್ಕಿಂತ ದೊಡ್ಡ ಖಳ

ಅವನ ಹೆಸರು ರೇಬಿಸ್. ಲಕ್ಷಣ ಕಾಣಿಸಿದ ಮೇಲೆ ನಾಯಿಗೂ ಉಳಿವಿಲ್ಲ, ಮನುಷ್ಯನಿಗೂ ಉಳಿವಿಲ್ಲ ಅನ್ನಬೇಕು. 2025ರ ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ನಾಯಿ ಕಚ್ಚಿದ್ದ ನಾಲ್ಕು ವರ್ಷದ ಹೆಣ್ಣುಮಗು ಆಗಸ್ಟ್‌ನಲ್ಲಿ ತೀರಿಕೊಂಡಿತು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಊರಿನ ಹತ್ತು ನಾಯಿಯಲ್ಲಿ ಏಳಕ್ಕೆ ಸೂಜಿ ಬಿದ್ದರೆ ರೋಗ ಹರಡುವ ದಾರಿಯೇ ಕಟ್ಟಾಗುತ್ತದೆ ಅಂತಾರೆ ತಜ್ಞರು. ಕಲ್ಲು ಹೊಡೆದರೆ ಅದು ಕಟ್ಟಾಗಲ್ಲ.

ಅಕಸ್ಮಾತ್ ಕಚ್ಚಿದರೆ ಹರಿಯೋ ನೀರು, ಸೋಪು ಹಾಕಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ನಡೆಯಿರಿ. ಸುಣ್ಣ, ಖಾರದಪುಡಿ ಬೇಡ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯ ಕಾಲ ಮುಗಿದು ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ನಾಲ್ಕೈದು ಸಲ, ಅಷ್ಟೇ. ಗಾಯ ಜೋರಾಗಿದ್ದರೆ ಗಾಯಕ್ಕೇ ಸೀರಮ್ ಕೂಡ ಕೊಡುತ್ತಾರೆ.

ನಿಮ್ಮ ನಾಯಿಯ ಕಾಲ್‌ಶೀಟ್

ಸ್ಟಾರ್‌ಗಳ ಕಾಲ್‌ಶೀಟ್ ಬಾಯಿಪಾಠ ಹೇಳೋ ಮಿತ್ರರೇ, ಇದನ್ನೂ ಬರೆದಿಟ್ಟುಕೊಳ್ಳಿ. ಆರರಿಂದ ಎಂಟು ವಾರಕ್ಕೆ ಪಾರ್ವೋ, ಡಿಸ್ಟೆಂಪರ್ ಎರಡಕ್ಕೂ ಸೇರಿದ ಮೊದಲ ಸೂಜಿ. ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ಮರಿಗೆ 16 ವಾರ ಆಗುವವರೆಗೆ. ಯಾಕೆ ಇಷ್ಟು ಸಲ? ತಾಯಿಹಾಲಿನಿಂದ ಬಂದ ಶಕ್ತಿ ಸೂಜಿಯ ಕೆಲಸಕ್ಕೆ ಅಡ್ಡ ಬರುತ್ತದೆ. ಅದು ಯಾವ ದಿನ ಇಳಿಯುತ್ತದೋ ಹೇಳಲಾಗದು. ಮೂರು ತಿಂಗಳಿಗೆ ರೇಬಿಸ್ ಸೂಜಿ. ಆಮೇಲೆ ವರ್ಷ ವರ್ಷ. ಇದೆಲ್ಲ ಮುಗಿಯೋ ತನಕ ಮರಿಯನ್ನು ಬೀದಿಗೆ ಬಿಡಬೇಡಿ. ಕಾರ್ಡು ಕೇಳಿ ಪಡೆಯಿರಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸಮಯಕ್ಕೆ ಪಶು ಆಸ್ಪತ್ರೆಯಲ್ಲಿ ಉಚಿತ ಶಿಬಿರ ಇದೆಯಾ ಅಂತ ವಿಚಾರಿಸಿ.

ಈಗ ನಮ್ಮ ಮನೆಯಲ್ಲಿ ಕೆಂಚ ಇದ್ದಾನೆ. ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿ ಬನ್ನಿಗೆ ಬಾಲ ಅಲ್ಲಾಡಿಸುತ್ತಿದ್ದವನು. ಈ ಸಲ ಹೀರೋ ಹೆಸರಿಡಲಿಲ್ಲ. ಒಂದು ವರ್ಷ ಕಾದು, ಮೊದಲು ಸೂಜಿ ಹಾಕಿಸಿ, ಆಮೇಲೆ ಮನೆ ತುಂಬಿಸಿಕೊಂಡೆ. ಅವನ ಕಾರ್ಡು ‘ಚಾರ್ಲಿ’ಯ ಹಳೇ ಟಿಕೆಟ್ಟಿನ ಜೊತೆ ನನ್ನ ಪರ್ಸಿನಲ್ಲಿದೆ. ಹೊಸ ಪಿಕ್ಚರ್ ರಿಲೀಸಿನ ತಾರೀಕು ಮರೆತೇನು. ಆ ಕಾರ್ಡಿನ ತಾರೀಕು ಮಾತ್ರ ಮರೆಯೋಲ್ಲ.