ಸರದಿಯ ಆಟದಲ್ಲಿ ಮೂರು ರಾಜ್ಯಗಳ ಯುದ್ಧ

ಕಂಪ್ಯೂಟರ್ ಆಟ ಎಂದೊಡನೆ ಬೆರಳುಗಳ ವೇಗ ನಮ್ಮ ನೆನಪಿಗೆ ಬರುತ್ತದೆ. ಆದರೆ ವೇಗಕ್ಕೆ ಬೆಲೆಯೇ ಇಲ್ಲದ ಆಟಗಳೂ ಇವೆ. ಚದುರಂಗದಲ್ಲಿ ಒಬ್ಬರು ಕಾಯಿ ನಡೆಸಿದ ಮೇಲೆ ಇನ್ನೊಬ್ಬರ ಸರದಿ. ಹೀಗೆ ಸರದಿಯಂತೆ ಯೋಚಿಸಿ ನಡೆ ಇಡುವ ಕಂಪ್ಯೂಟರ್ ಆಟಗಳನ್ನು ಸರದಿ ಆಧಾರಿತ ತಂತ್ರದ ಆಟಗಳೆಂದು ಕರೆಯುತ್ತಾರೆ.

ಇವುಗಳಲ್ಲಿ ಪ್ರಸಿದ್ಧವಾದದ್ದು ಜಪಾನಿನ ಕೋಯೀ ಸಂಸ್ಥೆ 1985ರಲ್ಲಿ ಹೊರತಂದ ‘ಸಾಂಗೊಕುಶಿ’. ಇಂಗ್ಲಿಷಿನಲ್ಲಿ ಇದರ ಹೆಸರು ‘ರೊಮಾನ್ಸ್ ಆಫ್ ದ ಥ್ರೀ ಕಿಂಗ್‌ಡಮ್ಸ್’. ಈ ಮಾಲಿಕೆಯ 14ನೆಯ ಆಟ 2020ರಲ್ಲಿ ಬಂದಿತು. ಇದಕ್ಕೆ ಆಧಾರ ಚೀನಾದ ಅದೇ ಹೆಸರಿನ ಪುರಾತನ ಕಾದಂಬರಿ.

ಹಿನ್ನೆಲೆ

ಕ್ರಿ.ಶ. 184ರಲ್ಲಿ ಚೀನಾದ ರೈತರು ತಲೆಗೆ ಹಳದಿ ವಸ್ತ್ರ ಕಟ್ಟಿ ದಂಗೆ ಎದ್ದರು. ದಂಗೆ ಅಡಗಿತು, ಆದರೆ ಅದನ್ನು ಅಡಗಿಸಿದ ಸೇನಾಪತಿಗಳೇ ಪ್ರಬಲರಾದರು. 220ರಲ್ಲಿ ಹಾನ್ ವಂಶ ಕೊನೆಗೊಂಡಿತು. ಉತ್ತರದಲ್ಲಿ ವೇಯ್, ನೈರುತ್ಯದಲ್ಲಿ ಷು, ಆಗ್ನೇಯದಲ್ಲಿ ವು ಎಂಬ ಮೂರು ರಾಜ್ಯಗಳು ಉಳಿದವು. ಚೀನಾ ಮತ್ತೆ ಒಂದಾದದ್ದು 280ರಲ್ಲಿ, ಜಿನ್ ವಂಶದ ಆಳ್ವಿಕೆಯಲ್ಲಿ.

ಆಟದ ಬಗೆ

ಆಟಗಾರ ಈ ಅರಸರಲ್ಲಿ ಒಬ್ಬನಾಗಿ ಇಡೀ ದೇಶವನ್ನು ಒಂದುಗೂಡಿಸಬೇಕು. ಮೊದಮೊದಲ ಆಟಗಳಲ್ಲಿ ಒಂದು ಸರದಿ ಎಂದರೆ ಒಂದು ತಿಂಗಳು. ಆ ತಿಂಗಳಲ್ಲಿ ಕೊಡಬಹುದಾದ ಆಜ್ಞೆಗಳು ಮಿತವಾದವು. ಗದ್ದೆಗಳನ್ನು ಅಭಿವೃದ್ಧಿ ಮಾಡುವುದೋ, ಪ್ರವಾಹಕ್ಕೆ ತಡೆ ಕಟ್ಟುವುದೋ, ಸೈನಿಕರನ್ನು ಸೇರಿಸುವುದೋ, ನೆರೆಯ ಅರಸನೊಡನೆ ಸಂಧಿಯೋ? ಒಂದನ್ನು ಆರಿಸಿಕೊಂಡರೆ ಇನ್ನೊಂದು ಹಿಂದೆ ಬೀಳುತ್ತದೆ. ಪ್ರತಿ ಸೇನಾಧಿಕಾರಿಯ ಬುದ್ಧಿ, ಶೌರ್ಯ, ನಿಷ್ಠೆಗಳಿಗೂ ಅಂಕಗಳಿವೆ. ನಿಷ್ಠೆ ಇಳಿದವನನ್ನು ಶತ್ರು ತನ್ನ ಕಡೆಗೆ ಸೆಳೆದುಕೊಳ್ಳಬಹುದು.

ಹೊಸಬರು ಸಾಮಾನ್ಯವಾಗಿ ದೊಡ್ಡ ಸೈನ್ಯ ಕಟ್ಟಿ ಕೂಡಲೇ ದಂಡೆತ್ತಿ ಹೋಗುತ್ತಾರೆ. ಸೈನ್ಯ ದೊಡ್ಡದಾದಷ್ಟೂ ಅದು ಉಣ್ಣುವ ಅಕ್ಕಿಯೂ ಹೆಚ್ಚು. ಕಣಜ ಬರಿದಾದಾಗ ಗೆಲ್ಲಬೇಕಾದ ಯುದ್ಧವೂ ಸೋಲುತ್ತದೆ. ಇದು ಇತಿಹಾಸದಿಂದಲೇ ಬಂದ ಪಾಠ. ಉತ್ತರದ ನಾಯಕ ತ್ಸಾವ್ ತ್ಸಾವ್ 196ರಲ್ಲಿ ಪಾಳುಬಿದ್ದ ಹೊಲಗಳಲ್ಲಿ ಜನರನ್ನು ನೆಲೆಗೊಳಿಸಿ ಬೇಸಾಯ ಮಾಡಿಸಿದ. ಅವನ ಗೆಲುವುಗಳ ಹಿಂದೆ ಈ ಧಾನ್ಯವಿತ್ತು.

ಸಂಖ್ಯಾಬಲವೊಂದೇ ಸಾಲದೆಂಬುದಕ್ಕೂ ಅವನೇ ಸಾಕ್ಷಿ. 208ರಲ್ಲಿ ಯಾಂಗ್‌ತ್ಸೆ ನದಿಯ ‘ಕೆಂಪು ಬಂಡೆ’ ಎಂಬಲ್ಲಿ ಅವನ ಭಾರಿ ಸೈನ್ಯ ಸೋತಿತು. ಉತ್ತರದ ಸೈನಿಕರಿಗೆ ನೀರಿನ ಯುದ್ಧ ಹೊಸದು. ಪಾಳೆಯದಲ್ಲಿ ರೋಗವೂ ಹರಡಿತ್ತು. ಶರಣಾಗುವ ನೆಪದಲ್ಲಿ ಬಂದ ವು ಪಕ್ಷದ ಹಡಗುಗಳು ಬೆಂಕಿ ಹೊತ್ತಿಸಿಕೊಂಡು ಅವನ ನೌಕೆಗಳಿಗೆ ನುಗ್ಗಿದವು. ಆಟದಲ್ಲೂ ಬೆಂಕಿ ಹಚ್ಚುವ ತಂತ್ರಕ್ಕೆ ಮುಖ್ಯ ಸ್ಥಾನವಿದೆ.

ಕಥೆ ಮತ್ತು ಚರಿತ್ರೆ

ಇಲ್ಲಿ ಒಂದು ಎಚ್ಚರ ಬೇಕು. ಮಂತ್ರಿ ಜೂಗೆ ಲ್ಯಾಂಗ್ ಪೂಜೆ ಮಾಡಿ ಪೂರ್ವದ ಗಾಳಿಯನ್ನು ಬರಿಸಿದನೆಂಬುದು ಕಾದಂಬರಿಯ ಮಾತು. ಮೂರನೆಯ ಶತಮಾನದ ಇತಿಹಾಸಕಾರ ಚೆನ್ ಷೋವಿನ ಗ್ರಂಥದಲ್ಲಿ ಅದಿಲ್ಲ. ಆಟ ಹಿಂಬಾಲಿಸುವುದು ಬಹುಮಟ್ಟಿಗೆ ಕಾದಂಬರಿಯನ್ನು.

ಇನ್ನೊಂದು ಮಾತು ಅಂಕಿಗಳ ಬಗ್ಗೆ. ಆಟದಲ್ಲಿ ಸತ್ತ ಸೈನಿಕರು ಕಳೆದುಹೋದ ಒಂದು ಸಂಖ್ಯೆ ಮಾತ್ರ. ಹಾನ್ ಸರ್ಕಾರ 157ರಲ್ಲಿ ದಾಖಲಿಸಿದ ಜನಸಂಖ್ಯೆ ಸುಮಾರು 5 ಕೋಟಿ 65 ಲಕ್ಷ. 280ರ ದಾಖಲೆಯಲ್ಲಿ ಉಳಿದದ್ದು ಸುಮಾರು 1 ಕೋಟಿ 61 ಲಕ್ಷ. ಕಾಣೆಯಾದವರೆಲ್ಲ ಸತ್ತರೆಂದಲ್ಲ. ಹಲವರು ಊರು ಬಿಟ್ಟು ಓಡಿದರು, ಹಲವರು ಜಮೀನ್ದಾರರ ಆಶ್ರಯದಲ್ಲಿ ಲೆಕ್ಕದಿಂದ ತಪ್ಪಿಸಿಕೊಂಡರು. ಆದರೂ ಯುದ್ಧ, ಬರ, ರೋಗಗಳಿಗೆ ಬಲಿಯಾದವರು ಅಪಾರ.

ಆದ್ದರಿಂದ ಈ ಆಟ ಆಡುವವರು ಒಂದು ಅಭ್ಯಾಸ ಮಾಡಿಕೊಳ್ಳಬಹುದು. ಪ್ರತಿ ಸರದಿಯಲ್ಲೂ ಆಜ್ಞೆ ಕೊಡುವ ಮುನ್ನ, ಇದರಿಂದ ಹೊಲದಲ್ಲಿ ದುಡಿಯುವವನಿಗೆ ಏನಾಗುತ್ತದೆ ಎಂದು ಕೇಳಿಕೊಳ್ಳಿ. ಉತ್ತರಕ್ಕಾಗಿ ಇತಿಹಾಸದ ಪುಸ್ತಕ ತೆರೆದರೆ ಆಟ ಸಾರ್ಥಕವಾದಂತೆ.